ತೋಟದ ಮನಿ ಸೋಲಾರ್: ಚಾರ್ಜ್ ಕಂಟ್ರೋಲರ್ 30 ಆಂಪಿಯರ್ ಸಾಕೋ, 60 ಬೇಕೋ?

ಮೋಟೆಬೆನ್ನೂರ ಹೊಲ

ನಮಸ್ಕಾರ್ರಿ ಎಲ್ಲಾರಿಗೂ. ಬ್ಯಾಡಗಿ ತಾಲೂಕಿನಾಗ ನಮ್ಮ ಹೊಲ ಐತಿ. ಮೆಣಸಿನಕಾಯಿ ಸುಗ್ಗಿಯಾಗ ಅಲ್ಲೇ ಇರಬೇಕಾಗ್ತೈತಿ, ಕಣದಾಗ ಒಣಾಕ ಹಾಕಿದ ಕಾಯಿ ಬಿಟ್ಟು ಬರಾಕ ಆಗೂದಿಲ್ಲ. ಎರಡು ಖೋಲಿ ಮನಿ ಐತಿ, ಕರೆಂಟಿನ ಕಂಬ ದೂರ. ಅದಕ್ಕ ಸೋಲಾರ್ ಹಚ್ಚಾಕ ತಯಾರಿ ಮಾಡೀವಿ.

ಕೈಯಾಗ ಇರೂದು 335 ವ್ಯಾಟಿನ ಎರಡು ಪ್ಯಾನೆಲ್, ಊರ ಮನಿ ಇನ್ವರ್ಟರಿನಿಂದ ತಗದ 12 ವೋಲ್ಟ್ 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್, ಅಂದ್ರ ನೀರು ಹಾಕೋ ನಮೂನಿ ಬ್ಯಾಟರಿ ಒಂದು. ಬ್ಯಾಟರಿ ಎರಡು ವರ್ಷದ್ದು. ನಡಸೂದು ಕಡಿಮಿ ಕರೆಂಟ್ ತಿನ್ನೋ ಎರಡು ಬಿಎಲ್‌ಡಿಸಿ ಫ್ಯಾನ್, ನಾಕು ಎಲ್‌ಇಡಿ, ಸಣ್ಣ ಟಿವಿ, ಮೊಬೈಲ್, ಮತ್ತ ಹಂದಿ ಕಾಟಕ್ಕ ಬೇಲಿಗೆ ಹಚ್ಚೋ ಝಟ್ಕಾ ಮಷಿನ್.

ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗೋ ಚಾರ್ಜ್ ಹಿಡಿತದಾಗ ಇಡಾಕ ನಡುವ ಒಂದು ಕಂಟ್ರೋಲರ್ ಬೇಕಲ್ರಿ. ಅಂಗಡಿಯವ್ರು 60 ಆಂಪಿಯರಿನ ಪಿಡಬ್ಲ್ಯೂಎಂ ಕಂಟ್ರೋಲರ್ ತಗೋರಿ, ದೊಡ್ಡದಿದ್ದಷ್ಟೂ ಚಲೋ ಅಂತಾರ. ನಮ್ಮ ಅಳಿಯ 30 ಸಾಕು ಅಂತಾನ. ಯಾವ್ದು ಖರೆ? ಬರೀ ಉತ್ತರ ಬ್ಯಾಡ್ರಿ, ಲೆಕ್ಕ ಹೆಂಗ ಹಾಕೂದು ಅನ್ನೂದೂ ಬೇಕು.

ತಾರಿಹಾಳ ಟೆಕ್ನಿಷಿಯನ್

ಆಂಪಿಯರ್ ಮಾತು ಆಮ್ಯಾಲೆ. ಮೊದ್ಲು ಪ್ಯಾನೆಲ್ ಬೋರಲ ಹಾಕಿ ಹಿಂದಿನ ಸ್ಟಿಕರ್ ಓದ್ರಿ. ವಿಒಸಿ, ವಿಎಂಪಿ, ಐಎಸ್‌ಸಿ, ಐಎಂಪಿ ಅಂತ ನಾಕು ಅಂಕಿ ಇರ್ತಾವ. ಅದಾ ಕ್ರಮದಾಗ: ಲೋಡ್ ಇಲ್ಲದಾಗಿನ ವೋಲ್ಟ್, ಕೆಲಸ ಮಾಡುವಾಗಿನ ವೋಲ್ಟ್, ಎರಡೂ ತುದಿ ಸೀದಾ ಕೂಡಿಸಿದ್ರ ಬರೋ ಕರೆಂಟ್, ಕೆಲಸ ಮಾಡುವಾಗಿನ ಕರೆಂಟ್. ಆ ನಾಕು ಇಲ್ಲದ ಯಾರು ಏನು ಸೈಜ್ ಹೇಳಿದ್ರೂ ಅದು ಅಂದಾಜು. ಹುಬ್ಬಳ್ಳ್ಯಾಗ ನಾನು ರಿಪೇರಿಗೆ ಬಿಚ್ಚೋ ಕಂಟ್ರೋಲರ್‌ನ್ಯಾಗ ಹೆಚ್ಚಿನವು ಸುಟ್ಟಿರೂದು ಆಂಪಿಯರ್ ಕಡಿಮಿ ಬಿದ್ದು ಅಲ್ಲ, ವೋಲ್ಟೇಜ್ ಹೆಚ್ಚಾಗಿ.

ಮೋಟೆಬೆನ್ನೂರ ಹೊಲ

ಓದೀನ್ರಿ. ವಿಒಸಿ 46.2, ವಿಎಂಪಿ 38.1, ಐಎಸ್‌ಸಿ 9.31, ಐಎಂಪಿ 8.80. 72 ಸೆಲ್ ಅದಾವ.

ತಾರಿಹಾಳ ಟೆಕ್ನಿಷಿಯನ್

ಈಗ ಮಾತಾಡೋಣ.

ಪಿಡಬ್ಲ್ಯೂಎಂ ಅಂದ್ರ ಬರೀ ಸ್ವಿಚ್. ಚಾರ್ಜ್ ಆಗುವಾಗ ಪ್ಯಾನೆಲ್ಲನ್ನ ಸೀದಾ ಬ್ಯಾಟರಿಗೆ ಜೋಡಸ್ತೈತಿ, ತುಂಬಿದಂಗ ಚಾಲೂ-ಬಂದ್ ಮಾಡ್ತೈತಿ. ಹಂಗ ಜೋಡಿಸಿದ ಕೂಡ್ಲೆ 38 ವೋಲ್ಟಿನ ಪ್ಯಾನೆಲ್ ಬ್ಯಾಟರಿಯ 13 ವೋಲ್ಟಿಗೆ ಇಳೀತೈತಿ. ಕರೆಂಟ್ ಮಾತ್ರ ಅಷ್ಟ ಇರ್ತೈತಿ, 9 ಆಂಪಿಯರ್ ಸುಮಾರು. 9 ಗುಣಿಸು 13, ಅಂದ್ರ 117 ವ್ಯಾಟ್. 335 ವ್ಯಾಟಿನ ಪ್ಯಾನೆಲ್ಲಿಗೆ ರೊಕ್ಕ ಕೊಟ್ಟು 117 ತಗೊಂಡಂಗ. ಎರಡೂ ಸೇರಿ 235 ಆಗ್ತೈತಿ, ಉಳಿದ 430 ವ್ಯಾಟ್ ಪ್ಯಾನೆಲ್ಲಿನಾಗ ಉಳೀತೈತಿ.

ಈಗ 60 ಆಂಪಿಯರಿಂದು ಹಾಕಿದ್ರೂ 18 ಬರ್ತಾವ, 30 ಹಾಕಿದ್ರೂ 18 ಬರ್ತಾವ. ಡಬ್ಬಿ ಮ್ಯಾಗ ಬರದ ಆಂಪಿಯರ್ ಅದರ ತಾಳೋ ಮಿತಿ, ಅದು ಕರೆಂಟ್ ಹುಟ್ಟಸೂದಿಲ್ಲ.

ಇನ್ನೊಂದು ಅಪಾಯ ಐತಿ. 12 ವೋಲ್ಟಿಗೆ ಅಂತ ಮಾಡಿದ ಸಣ್ಣ ಪಿಡಬ್ಲ್ಯೂಎಂ ಹಲವು ಪ್ಯಾನೆಲ್ ಕಡಿಂದ 25 ವೋಲ್ಟ್ ಸುಮಾರಷ್ಟ ತಾಳ್ತಾವ. 12/24 ಆಟೋ ಅಂತ ಇರೂವು 50ರ ಆಸುಪಾಸು. ನಿಮ್ಮ ಪ್ಯಾನೆಲ್ ಲೋಡ್ ಇಲ್ಲದಾಗ 46 ಕೊಡ್ತೈತಿ, ಥಂಡಿ ಮುಂಜಾನೆ ಅದಕ್ಕಿಂತ ಜಾಸ್ತಿ.

ನಿಮಗ ಬೇಕಾಗಿದ್ದು ಎಂಪಿಪಿಟಿ. ಅದು ಟ್ರ್ಯಾಕ್ಟರಿನ ಗೇರ್ ಇದ್ದಂಗ: ಪ್ಯಾನೆಲ್ಲಿನ ಹೆಚ್ಚಿನ ವೋಲ್ಟೇಜ್ ಇಳಿಸಿ, ಅದರ ಬದಲಿ ಆಂಪಿಯರ್ ಏರಸ್ತೈತಿ, ವ್ಯಾಟ್ ಹೆಚ್ಚು-ಕಡಿಮಿ ಹಂಗ ಉಳೀತೈತಿ. ಇದರ ಸೈಜಿನ ಲೆಕ್ಕ ಇಷ್ಟ: ಪ್ಯಾನೆಲ್ಲಿನ ಒಟ್ಟು ವ್ಯಾಟ್ ಭಾಗಿಸು ಬ್ಯಾಟರಿ ವೋಲ್ಟ್. 670 ಭಾಗಿಸು 12 ಅಂದ್ರ 56 ಆಂಪಿಯರ್. 24 ವೋಲ್ಟ್ ಮಾಡಿದ್ರ 28. ಅದರ ಮ್ಯಾಗ ಕಾಲು ಭಾಗ ಸೇರ್ಸಿ 24 ವೋಲ್ಟಿಗೆ 40 ಆಂಪಿಯರಿಂದು ತಗೋರಿ, ಅದು ನನ್ನ ಮಾತು.

ಸಪ್ತಾಪುರ ಮಾಸ್ತರ

ತಾರಿಹಾಳದವರ ವಿವರಣೆ ಸರಿಯಾಗಿದೆ, ಪಿಡಬ್ಲ್ಯೂಎಂ ವಿಷಯದಲ್ಲಿ ಒಂದಕ್ಷರ ಬದಲಿಸಬೇಕಿಲ್ಲ. ಆದರೆ ಆ ಕಾಲು ಭಾಗದ ಬಗ್ಗೆ ನನ್ನ ತಕರಾರಿದೆ.

25 ಪ್ರತಿಶತ ಸೇರಿಸುವ ಪದ್ಧತಿ ಬಂದದ್ದು ವೈರು ಮತ್ತು ಫ್ಯೂಜಿನ ಲೆಕ್ಕದಿಂದ. ಮೋಡದ ಅಂಚಿನಿಂದ ಸೂರ್ಯ ಹೊರಬರುವ ಕೆಲವು ನಿಮಿಷ ಪ್ಯಾನೆಲ್ ತನ್ನ ಸ್ಟಿಕರಿನ ಅಂಕಿಗಿಂತ ಹೆಚ್ಚು ಕರೆಂಟ್ ಕೊಡಬಲ್ಲದು. ಪಿಡಬ್ಲ್ಯೂಎಂನಲ್ಲಿ ಆ ಕರೆಂಟ್ ನೇರವಾಗಿ ಕಂಟ್ರೋಲರ್ ಮೂಲಕವೇ ಹರಿಯುತ್ತದೆ, ತಡೆಯುವವರಿಲ್ಲ. ಹಾಗಾಗಿ ಅಲ್ಲಿ ಐಎಸ್‌ಸಿಯನ್ನು 1.25ರಿಂದ ಗುಣಿಸಲೇಬೇಕು. ಎಂಪಿಪಿಟಿ ತನ್ನ ಔಟ್‌ಪುಟ್ ಕರೆಂಟನ್ನು ತಾನೇ ಮಿತಿಯಲ್ಲಿಡುತ್ತದೆ. 30 ಆಂಪಿಯರಿನದಕ್ಕೆ 33 ಆಂಪಿಯರಿನಷ್ಟು ಬಿಸಿಲು ಬಂದರೆ ಅದು 30 ಕೊಟ್ಟು ಸುಮ್ಮನಾಗುತ್ತದೆ, ಸುಡುವುದಿಲ್ಲ. ಪ್ಯಾನೆಲ್ ಕಡೆಯ ಗರಿಷ್ಠ ಐಎಸ್‌ಸಿ ಎಷ್ಟೆಂದು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದರೊಳಗಿದ್ದರೆ ಸಾಕು.

ಇನ್ನೊಂದು ವಿಷಯ. 335 ವ್ಯಾಟ್ ಎಂಬುದು ಸೆಲ್ಲಿನ ಉಷ್ಣತೆ 25 ಡಿಗ್ರಿ ಇದ್ದಾಗ ಅಳೆದದ್ದು. ಏಪ್ರಿಲ್ ಮಧ್ಯಾಹ್ನ ನಮ್ಮ ಗದಗ, ಹಾವೇರಿ ಕಡೆ ಗಾಳಿಯೇ 38-40 ಡಿಗ್ರಿ ಮುಟ್ಟಿದಾಗ ಪ್ಯಾನೆಲ್ಲಿನ ಸೆಲ್ 65-70 ಡಿಗ್ರಿಗೆ ಕಾದಿರುತ್ತದೆ. ಒಂದು ಡಿಗ್ರಿಗೆ ಸುಮಾರು 0.4 ಪ್ರತಿಶತ ಶಕ್ತಿ ಇಳಿಯುತ್ತದೆ, ಅಂದರೆ ಆರನೇ ಒಂದು ಭಾಗ ಹೋಯಿತು. 670 ಎಂಬುದು 560ರ ಹತ್ತಿರ ಬಂತು. 24 ವೋಲ್ಟಿನ ಬ್ಯಾಟರಿ ಚಾರ್ಜ್ ಆಗುವಾಗ 27 ವೋಲ್ಟ್ ಇರುತ್ತದೆ. 560 ಭಾಗಿಸು 27, ಸುಮಾರು 21 ಆಂಪಿಯರ್. 30 ಆಂಪಿಯರ್ ಧಾರಾಳ ಸಾಕು.

ತಾರಿಹಾಳ ಟೆಕ್ನಿಷಿಯನ್

ಮಾಸ್ತರ, ಕಾಗದದ ಮ್ಯಾಗ ನಿಮ್ಮ ಲೆಕ್ಕ ಖರೆ ಐತಿ. ಆದ್ರ ಕಂಟ್ರೋಲರ್ ಇರೂದು ಎಲ್ಲಿ? ಹೊಲದ ಮನ್ಯಾಗ, ಪತ್ರಾಸಿನ ಕೆಳಗ. ಮಧ್ಯಾಹ್ನ ಒಳಗ 45 ಡಿಗ್ರಿ. ಬಿಸಿ ಆದಂಗ ಕಂಟ್ರೋಲರ್ ತಾನ ಔಟ್‌ಪುಟ್ ಇಳಸ್ತೈತಿ. 30ರದ್ದು ಪೂರ್ತಿ ತಾಕತ್ತಿನಾಗ ದಿನಾ ಓಡಿದ್ರ ಅದರ ಒಳಗಿನ ಕೆಪಾಸಿಟರ್ ಬ್ಯಾಗ ಒಣಗ್ತಾವ. ಮುಕ್ಕಾಲು ತಾಕತ್ತಿನಾಗ ಓಡೋ ಡಬ್ಬಿ ಹತ್ತು ವರ್ಷ ಬಾಳಿದ್ದು ನೋಡೀನಿ. ನಾನು ಕಾಲು ಭಾಗ ಸೇರಸೂದು ಅದಕ್ಕ.

ಸಪ್ತಾಪುರ ಮಾಸ್ತರ

ಬಾಳಿಕೆಗಾಗಿ ಎಂದರೆ ಒಪ್ಪುತ್ತೇನೆ. ಸುರಕ್ಷತೆಗಾಗಿ ಎಂದರೆ ಒಪ್ಪುವುದಿಲ್ಲ. ಎರಡನ್ನೂ ಬೇರೆ ಬೇರೆ ಹೇಳಿದರೆ ಕೊಳ್ಳುವವರಿಗೆ ದುಡ್ಡು ಎಲ್ಲಿ ಹಾಕಬೇಕು ಎಂಬುದು ತಿಳಿಯುತ್ತದೆ.

ರಾಣೆಬೆನ್ನೂರು ಬ್ಯಾಟರಿ ಅಂಗಡಿ

ನೀವಿಬ್ರೂ ಬ್ಯಾಟರೀನ ಮರತೀರಿ! ಅವ್ರ ಹತ್ರ ಇರೋದು ಒಂದೇ 150 ಎಎಚ್ ಬ್ಯಾಟರಿ. 12 ವೋಲ್ಟಿನ ಲೆಕ್ಕದಲ್ಲಿ 56 ಆಂಪಿಯರ್ ಅದರೊಳಗೆ ನುಗ್ಗಿಸಿದ್ರೆ ಏನಾಗುತ್ತೆ ಹೇಳಿ?

ಟ್ಯೂಬ್ಯುಲರ್ ಬ್ಯಾಟರಿಗೆ ಅದರ ಎಎಚ್‌ನ 10ರಿಂದ 15 ಪ್ರತಿಶತ ಚಾರ್ಜಿಂಗ್ ಕರೆಂಟ್ ಹಿತ. 150ಕ್ಕೆ 15ರಿಂದ 22 ಆಂಪಿಯರ್. 20 ಪ್ರತಿಶತ, ಅಂದ್ರೆ 30 ಆಂಪಿಯರ್ ದಾಟಲೇಬಾರದು. ದಾಟಿಸಿದ್ರೆ ಬ್ಯಾಟರಿ ಕಾಯುತ್ತೆ, ನೀರು ಕುದ್ದು ಹಾರುತ್ತೆ, ಪ್ಲೇಟು ಉದುರುತ್ತೆ. ಡಿಸ್ಟಿಲ್ಡ್ ವಾಟರ್ ಪದೇ ಪದೇ ಕೇಳೋ ಬ್ಯಾಟರಿ ನಮ್ಮ ಅಂಗಡಿಗೆ ಬಂದಾಗ ನಾನು ಮೊದಲು ಕೇಳೋದು ಪ್ಯಾನೆಲ್ ಎಷ್ಟು ಹಾಕಿದೀರಿ ಅಂತ.

ಹಾಗಾಗಿ 12 ವೋಲ್ಟಲ್ಲೇ ಇರೋದಾದ್ರೆ ಕಂಟ್ರೋಲರಿನಲ್ಲಿ ಚಾರ್ಜಿಂಗ್ ಕರೆಂಟ್ ಮಿತಿ ಹಾಕೋ ಸೆಟ್ಟಿಂಗ್ ಇರಲೇಬೇಕು. ಅದನ್ನ 20-22ಕ್ಕೆ ಇಡಿ. ಆ ಸೆಟ್ಟಿಂಗ್ ಇಲ್ಲದ 60 ಆಂಪಿಯರಿನ ಎಂಪಿಪಿಟಿ ನಿಮ್ಮ ಬ್ಯಾಟರಿಗೆ ಶತ್ರು.

ಮೋಟೆಬೆನ್ನೂರ ಹೊಲ

ಇದು ಯಾರೂ ಹೇಳಿದ್ದಿಲ್ಲ ನೋಡ್ರಿ. ಹಂಗಾದ್ರ ಇನ್ನೊಂದು ಹೊಸ 150 ಎಎಚ್ ತಂದು ಎರಡೂ ಸೀರೀಸ್ (ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್) ಜೋಡಿಸಿ 24 ವೋಲ್ಟ್ ಮಾಡ್ಲಾ?

ರಾಣೆಬೆನ್ನೂರು ಬ್ಯಾಟರಿ ಅಂಗಡಿ

ಬೇಡ. ಬ್ಯಾಟರಿ ಮಾರೋದೇ ನನ್ನ ವ್ಯಾಪಾರ, ಆದ್ರೂ ಬೇಡ ಅಂತೀನಿ. ಹಳೇದಕ್ಕೆ ಹೊಸದನ್ನ ಸೀರೀಸ್ ಹಾಕಿದ್ರೆ ಹಳೇದು ಬೇಗ ತುಂಬಿ ಕುದಿಯುತ್ತೆ, ಹೊಸದು ಅರ್ಧಂಬರ್ಧ ತುಂಬುತ್ತೆ. ಎರಡೂ ಹಾಳು. ಈಗಿನದು ಮುಗಿಯೋವರೆಗೂ 12 ವೋಲ್ಟಲ್ಲೇ ಓಡಿಸಿ. ಬದಲಿಸೋ ದಿನ ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ತಿಂಗಳ ತಯಾರಿಕೆಯ ಜೋಡಿ ತಗೊಂಡು 24 ಮಾಡಿ.

ಹಾಗೆ 24 ಮಾಡಿದ ಮೇಲೆ ಝಟ್ಕಾ ಮಷಿನ್ 12 ವೋಲ್ಟಿನದು ಅಂತ ಎರಡರಲ್ಲಿ ಒಂದು ಬ್ಯಾಟರಿಯಿಂದ ಮಾತ್ರ ವೈರ್ ಎಳೀಬೇಡಿ. ಹಳ್ಳಿ ಕಡೆ ಇದನ್ನ ತುಂಬಾ ಜನ ಮಾಡ್ತಾರೆ. ಆ ಒಂದು ಬ್ಯಾಟರಿ ಸದಾ ಹಿಂದೆ ಬಿದ್ದು ಸಾಯುತ್ತೆ. 24ರಿಂದ 12 ಮಾಡೋ ಡಿಸಿ ಕನ್ವರ್ಟರ್ ಸಣ್ಣದೊಂದು ಹಾಕಿ.

ಬೆಟಗೇರಿ ಕೈಮಗ್ಗ

ನಡುವ ಬಂದು ಕೇಳ್ತೀನಿ, ಕ್ಷಮಸ್ರಿ. ನಮ್ಮದು ಸಣ್ಣದು. ಮಗ್ಗದ ಮ್ಯಾಗ ಎರಡು ಎಲ್‌ಇಡಿ ಪಟ್ಟಿ, ಒಂದು ಸಣ್ಣ ಡಿಸಿ ಫ್ಯಾನ್. 100 ವ್ಯಾಟಿನ ಒಂದು ಪ್ಯಾನೆಲ್, 36 ಸೆಲ್ಲಿಂದು, ವಿಒಸಿ 22 ಐತಿ, ಐಎಸ್‌ಸಿ 6ರ ಹತ್ರ. ಬ್ಯಾಟರಿ 12 ವೋಲ್ಟ್ 60 ಎಎಚ್. ನಮಗೂ ಎಂಪಿಪಿಟಿ ಬೇಕಾ? ಅದರ ರೇಟ್ ಕೇಳಿ ಗಾಬರಿ ಆತು.

ಸಪ್ತಾಪುರ ಮಾಸ್ತರ

ಬೇಡ. 36 ಸೆಲ್ಲಿನ ಪ್ಯಾನೆಲ್ ಹುಟ್ಟಿದ್ದೇ 12 ವೋಲ್ಟ್ ಬ್ಯಾಟರಿಗೆ. ವಿಎಂಪಿ 18 ಇರುತ್ತದೆ, ಬಿಸಿಲಿಗೆ ಕಾದಾಗ 15ಕ್ಕೆ ಇಳಿಯುತ್ತದೆ, ಬ್ಯಾಟರಿ 14ರ ಹತ್ತಿರ ಇರುತ್ತದೆ. ನಡುವೆ ಪೋಲಾಗುವುದು ಅತಿ ಕಡಿಮೆ. ಐಎಸ್‌ಸಿ 6 ಗುಣಿಸು 1.25 ಅಂದರೆ 7.5. 10 ಆಂಪಿಯರಿನ ಒಳ್ಳೆಯ ಪಿಡಬ್ಲ್ಯೂಎಂ ಹಾಕಿ. ಉಳಿದ ಹಣಕ್ಕೆ ಇನ್ನೊಂದು ಅಂಥದ್ದೇ ಪ್ಯಾನೆಲ್ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಹಾಕಿದರೆ ಶ್ರಾವಣದ ಮೋಡಕ್ಕೆ ಎಂಪಿಪಿಟಿಗಿಂತ ಅದೇ ಹೆಚ್ಚು ಉಪಯೋಗ. ಆಗ ಕಂಟ್ರೋಲರ್ 20 ಆಂಪಿಯರ್ ಇರಲಿ.

ಮುಂಡರಗಿ ರೈತ

ನಮಗ ಸರಕಾರದ ಕುಸುಮ್ ಸೋಲಾರ್ ಪಂಪ್ ಯೋಜನೆಯಾಗ 5 ಎಚ್‌ಪಿ ಪಂಪ್ ಹಾಕಸೂ ವಿಚಾರ ಐತಿ. ಅದಕ್ಕೂ ಇದೇ ಕಂಟ್ರೋಲರ್ ಲೆಕ್ಕ ಹಾಕೂದಾ?

ಸಪ್ತಾಪುರ ಮಾಸ್ತರ

ಅಲ್ಲ. ಅದರಲ್ಲಿ ಬ್ಯಾಟರಿಯೇ ಇಲ್ಲ. ಅದು ಪಂಪ್ ಕಂಟ್ರೋಲರ್, ಬಿಸಿಲಿಗೆ ತಕ್ಕಂತೆ ಮೋಟಾರಿನ ವೇಗ ಬದಲಿಸುವ ಯಂತ್ರ, ಪಂಪಿನ ಸೆಟ್ಟಿನ ಜೊತೆಗೇ ಬರುತ್ತದೆ. ಪ್ಯಾನೆಲ್‌ಗಳು ಸೀರೀಸ್‌ನಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತವೆ. ಅದರಿಂದ ಮನೆಗೆ ವೈರ್ ಎಳೆಯುವ ಸಾಹಸ ಯಾರೂ ಮಾಡಬಾರದು. ಮನೆಯ ಮೇಲೆ ಸಬ್ಸಿಡಿಯಲ್ಲಿ ಹಾಕಿಸುವ ಸೂರ್ಯ ಘರ್ ಮಾದರಿಯ ಗ್ರಿಡ್ ಜೋಡಣೆಗೂ ಚಾರ್ಜ್ ಕಂಟ್ರೋಲರ್ ಬೇಕಿಲ್ಲ. ಬ್ಯಾಟರಿ ಇದ್ದರಷ್ಟೇ ಈ ಮಾತು.

ತಾರಿಹಾಳ ಟೆಕ್ನಿಷಿಯನ್

ಮೋಟೆಬೆನ್ನೂರಿನವ್ರ ಕಡೆ ಬರೋಣ. ದಿನದ ಖರ್ಚು ಲೆಕ್ಕ ಹಾಕ್ರಿ. ಎರಡು ಬಿಎಲ್‌ಡಿಸಿ ಫ್ಯಾನ್ 30 ವ್ಯಾಟಿನಂಗ ಹತ್ತು ತಾಸು, 600. ನಾಕು ದೀಪ 9 ವ್ಯಾಟಿನಂಗ ಐದು ತಾಸು, 180. ಟಿವಿ 150. ಮೊಬೈಲ್, ಝಟ್ಕಾ ಎಲ್ಲಾ ಸೇರಿ 170 ಇಟ್ಕೋರಿ. ಒಟ್ಟು 1100 ವ್ಯಾಟ್-ಅವರ್.

ನಮ್ಮ ಕಡೆ ಬಿಸಿಲು ಸರಾಸರಿ ದಿನಕ್ಕ ಪೂರ್ಣ ತಾಕತ್ತಿನ 5 ತಾಸು ಹಿಡಿಬಹುದು. ಬಿಸಿ, ಧೂಳು, ವೈರು, ಬ್ಯಾಟರಿ ಎಲ್ಲಾದಕ್ಕ 30 ಪ್ರತಿಶತ ಕಳೀರಿ. ಒಂದು ಪ್ಯಾನೆಲ್ 335 ಗುಣಿಸು 5 ಗುಣಿಸು 0.7, ಅಂದ್ರ 1170. ಅಂದ್ರ ಒಂದ ಪ್ಯಾನೆಲ್ ನಿಮ್ಮ ಖರ್ಚಿಗೆ ಜಸ್ಟ್ ಸರಿ ಹೋಗ್ತೈತಿ, ಚಲೋ ಬಿಸಿಲಿದ್ದಾಗ. ಜುಲೈ-ಆಗಸ್ಟಿನಾಗ ಆಗೂದಿಲ್ಲ. ಎರಡನೇ ಪ್ಯಾನೆಲ್ ಬೇಕಾಗಿದ್ದು ಮಳಿಗಾಲಕ್ಕ.

ಅದಕ್ಕ ಎರಡೂ ಪ್ಯಾನೆಲ್ ಹಚ್ರಿ, ಕರೆಂಟ್ ಮಿತಿ 22 ಇಡ್ರಿ. ಬ್ಯಾಸಿಗಿ ಮಧ್ಯಾಹ್ನ ಅರ್ಧ ತಾಕತ್ತು ಉಪಯೋಗ ಆಗೂದಿಲ್ಲ, ಆಗಬೇಕಂತಲೂ ಇಲ್ಲ, ಬ್ಯಾಟರಿ ಹೆಂಗೂ ತುಂಬಿರ್ತೈತಿ. ಮೋಡ ಕವಿದ ದಿನ ಎರಡೂ ಪ್ಯಾನೆಲ್ ಸೇರಿ 100-150 ವ್ಯಾಟ್ ಕೊಟ್ರೂ ಅಷ್ಟೂ ಒಳಗ ಹೋಗ್ತೈತಿ. ಹಾನಗಲ್ ಕಡೆ ಮಳಿ ಇನ್ನೂ ಜಾಸ್ತಿ, ಅಲ್ಲಿ ಮೂರನೇ ಪ್ಯಾನೆಲ್ ಹಾಕಸ್ತೀವಿ. ಕಂಟ್ರೋಲರ್ ಸೈಜ್ ಅದಾ ಇರ್ತೈತಿ, ಪ್ಯಾನೆಲ್ ವೋಲ್ಟೇಜು, ಐಎಸ್‌ಸಿ ಅದರ ಮಿತಿಯೊಳಗ ಇದ್ರ.

ಮೋಟೆಬೆನ್ನೂರ ಹೊಲ

ಹಂಗಾರ 100 ವೋಲ್ಟ್ 30 ಆಂಪಿಯರ್ ಎಂಪಿಪಿಟಿ ಅಂತ ಒಂದು ನೋಡೀನಿ. ಪ್ಯಾನೆಲ್ ಎರಡೂ ಸೀರೀಸ್ ಮಾಡಿದ್ರ 92.4 ವೋಲ್ಟ್, 100ರ ಒಳಗ ಬರ್ತೈತಲ್ರಿ?

ಸಪ್ತಾಪುರ ಮಾಸ್ತರ

ದಯವಿಟ್ಟು ಹಾಗೆ ಮಾಡಬೇಡಿ. ಈ ಇಡೀ ಚರ್ಚೆಯಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದೇ.

ಆಂಪಿಯರ್ ಮಿತಿ ದಾಟಿದರೆ ಎಂಪಿಪಿಟಿ ತಡೆದುಕೊಳ್ಳುತ್ತದೆ. ವೋಲ್ಟೇಜ್ ಮಿತಿ ದಾಟಿದರೆ ಅದಕ್ಕೆ ತಡೆಯುವ ದಾರಿ ಇಲ್ಲ, ಒಳಗೆ ಸ್ವಿಚ್ಚಿನ ಕೆಲಸ ಮಾಡುವ ಮಾಸ್‌ಫೆಟ್ ಎಂಬ ಭಾಗ ಒಂದು ಕ್ಷಣದಲ್ಲಿ ಹೋಗುತ್ತದೆ. ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಬಿಸಿಯಾದರೆ ಪ್ಯಾನೆಲ್ಲಿನ ವೋಲ್ಟೇಜ್ ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ. ಸ್ಟಿಕರಿನ 46.2 ಎಂಬುದು 25 ಡಿಗ್ರಿಯಲ್ಲಿ. ಒಂದು ಡಿಗ್ರಿ ಇಳಿದರೆ ಸುಮಾರು 0.3 ಪ್ರತಿಶತ ಏರುತ್ತದೆ. ಡಿಸೆಂಬರ್-ಜನವರಿಯ ಮುಂಜಾನೆ ನಮ್ಮಲ್ಲಿ 12-13 ಡಿಗ್ರಿ ಸಾಮಾನ್ಯ, ಕೆಲವು ವರ್ಷ ಇನ್ನೂ ಕೆಳಗೆ. ಮೋಡವಿಲ್ಲದ ರಾತ್ರಿ ಪ್ಯಾನೆಲ್ಲಿನ ಮೈ ಸುತ್ತಲ ಗಾಳಿಗಿಂತಲೂ ತಣ್ಣಗಿರುತ್ತದೆ. 10 ಡಿಗ್ರಿ ಹಿಡಿಯಿರಿ: 15 ಡಿಗ್ರಿ ಗುಣಿಸು 0.3, 4.5 ಪ್ರತಿಶತ. 92.4 ಎಂಬುದು 96.6 ಆಯಿತು. ಉಳಿದದ್ದು ಮೂರೂವರೆ ವೋಲ್ಟ್. ಪ್ಯಾನೆಲ್ ತಯಾರಿಕೆಯಲ್ಲೇ ಎರಡು ಮೂರು ಪ್ರತಿಶತ ಹೆಚ್ಚುಕಡಿಮೆ ಇರುತ್ತದೆ. ಸೂರ್ಯನ ಮೊದಲ ಬೆಳಕು ಬಿದ್ದ ಕೂಡಲೇ, ಪ್ಯಾನೆಲ್ ಇನ್ನೂ ಕಾಯುವ ಮೊದಲೇ, ವಿಒಸಿ ಬಹುತೇಕ ಪೂರ್ತಿ ಬಂದುಬಿಡುತ್ತದೆ. ಅಪಾಯವಿರುವುದು ಮಧ್ಯಾಹ್ನ 12ಕ್ಕಲ್ಲ, ಮುಂಜಾನೆ 7ಕ್ಕೆ.

ನಾನು ವಿದ್ಯಾರ್ಥಿಗಳಿಗೆ ಹೇಳುವ ನಿಯಮ: ಎಲ್ಲ ಸೀರೀಸ್ ಪ್ಯಾನೆಲ್‌ಗಳ ವಿಒಸಿ ಕೂಡಿಸಿ 1.1ರಿಂದ ಗುಣಿಸಿ. ಬಂದ ಅಂಕಿ ಕಂಟ್ರೋಲರಿನ ಮಿತಿಯೊಳಗೆ ಇರಬೇಕು. ನಿಮಗೆ 101.6. 100ರ ಕಂಟ್ರೋಲರಿಗೆ ಸೀರೀಸ್ ಇಲ್ಲ.

ತಾರಿಹಾಳ ಟೆಕ್ನಿಷಿಯನ್

ಕಲಘಟಗಿ ರಸ್ತೆಯ ಒಂದು ತೋಟದಾಗ ಹಿಂಗ ಆಗಿದ್ದು ನಾನಾ ನೋಡೀನಿ. ಬ್ಯಾಸಿಗಿಯೊಳಗ ಹಚ್ಚಿದ್ರು, ಆರು ತಿಂಗಳು ಸರಿ ಓಡಿತು, ಜನವರಿಯ ಒಂದು ಮುಂಜಾನೆ ಹೋತು. ಮನಿಯವ್ರು ಸಿಡಿಲು ಅಂತ ತಿಳಿದಿದ್ರು.

ಮೋಟೆಬೆನ್ನೂರ ಹೊಲ

ಹಂಗಾರ ಪ್ಯಾರಲಲ್ ಮಾಡ್ತೀನಿ, 46 ವೋಲ್ಟ್ ಬರ್ತೈತಿ, 100ರದ್ದು ಆರಾಮ. ಸರಿನಾ?

ತಾರಿಹಾಳ ಟೆಕ್ನಿಷಿಯನ್

ವೋಲ್ಟೇಜಿಗೆ ಸರಿ. ವೈರಿಗೆ ಎಷ್ಟು ದೂರ?

ಮೋಟೆಬೆನ್ನೂರ ಹೊಲ

ಮನಿ ಮ್ಯಾಗ ಮರದ ನೆರಳು ಬೀಳ್ತೈತಿ. ಕಣದ ಬಾಜೂಕ ಸ್ಟ್ಯಾಂಡ್ ಮಾಡಿಸಿ ಇಡೂದು. ಅಲ್ಲಿಂದ ಬ್ಯಾಟರಿಗೆ 20 ಮೀಟರ್.

ತಾರಿಹಾಳ ಟೆಕ್ನಿಷಿಯನ್

20 ಮೀಟರ್ ಅಂದ್ರ ಹೋಗಿ ಬರೂದು 40. 4 ಸ್ಕ್ವೇರ್ ಎಂಎಂ ಸೋಲಾರ್ ಕೇಬಲ್ಲಿನಾಗ 40 ಮೀಟರಿಗೆ 0.2 ಓಮ್. ಪ್ಯಾರಲಲ್ ಮಾಡಿದ್ರ 17.6 ಆಂಪಿಯರ್ ಹರೀತೈತಿ, ಮೂರೂವರೆ ವೋಲ್ಟ್ ವೈರಿನಾಗ ಹೋಗ್ತೈತಿ. 38ರಾಗ ಮೂರೂವರೆ, ಹತ್ತಕ್ಕ ಒಂದು ಪಾಲು ಬರೀ ತಾಮ್ರ ಕಾಯಸಾಕ. ಅದನ್ನ ಇಳಸಬೇಕಂದ್ರ 10 ಸ್ಕ್ವೇರ್ ಎಂಎಂ ಬೇಕು. ಅದರ ರೇಟ್ ನೋಡ್ರಿ ಒಮ್ಮೆ.

ಅದಾ ಸೀರೀಸ್ ಮಾಡಿದ್ರ 8.8 ಆಂಪಿಯರ್, 76 ವೋಲ್ಟ್. ಅದಾ 4 ಸ್ಕ್ವೇರ್ ಎಂಎಂ ವೈರಿನಾಗ 1.8 ವೋಲ್ಟ್ ಹೋಗ್ತೈತಿ, ಎರಡೂವರೆ ಪ್ರತಿಶತ ಅಷ್ಟ. ದಪ್ಪ ವೈರಿಗೆ ಹಾಕೋ ರೊಕ್ಕ 150 ವೋಲ್ಟಿನ ಕಂಟ್ರೋಲರಿಗೆ ಹಾಕ್ರಿ.

ಸಪ್ತಾಪುರ ಮಾಸ್ತರ

150ಕ್ಕೆ ಹೋಗಲು ನನ್ನ ಕಡೆಯಿಂದ ಇನ್ನೊಂದು ಕಾರಣ ಸೇರಿಸುತ್ತೇನೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಥಂಡಿಗೆ ಮೇಲಿನ ಮಿತಿ ನೋಡಿದಂತೆ ಬಿಸಿಲಿಗೆ ಕೆಳಗಿನ ಮಿತಿ ನೋಡಬೇಕು. ಮುಂದೆ ನೀವು 24 ವೋಲ್ಟ್ ಮಾಡಿದಾಗ ಟ್ಯೂಬ್ಯುಲರ್ ಜೋಡಿಗೆ 28.8 ವೋಲ್ಟ್ ಬೇಕು, ಈಕ್ವಲೈಸ್ ಮಾಡುವಾಗ (ಎಲ್ಲ ಸೆಲ್ ಸಮವಾಗಿ ತುಂಬಲು ಆಗಾಗ ಕೊಡುವ ಹೆಚ್ಚಿನ ಚಾರ್ಜ್) 29.6ಕ್ಕಿಂತ ಹೆಚ್ಚು. ಪ್ಯಾರಲಲ್‌ನಲ್ಲಿರುವ ನಿಮ್ಮ ಪ್ಯಾನೆಲ್ 38.1 ವೋಲ್ಟಿನದು ಮೇ ತಿಂಗಳ ಮಧ್ಯಾಹ್ನ 31-32ಕ್ಕೆ ಇಳಿಯುತ್ತದೆ. ವೈರಿನಲ್ಲಿ ಒಂದೆರಡು ವೋಲ್ಟ್ ಹೋಯಿತು. ಎಂಪಿಪಿಟಿಗೆ ಕೆಲಸ ಮಾಡಲು ಬ್ಯಾಟರಿಗಿಂತ ಸ್ವಲ್ಪ ಹೆಚ್ಚು ವೋಲ್ಟೇಜ್ ಒಳಗೆ ಬರಬೇಕು. ಸರಿಯಾಗಿ ಬಿಸಿಲು ಹೆಚ್ಚಿರುವ ತಿಂಗಳಲ್ಲೇ ಬ್ಯಾಟರಿ ಪೂರ್ತಿ ತುಂಬದೆ ಉಳಿಯುತ್ತದೆ. 60 ಸೆಲ್ಲಿನ ಪ್ಯಾನೆಲ್ ಆಗಿದ್ದರೆ ವಿಎಂಪಿ 31, ಕಾದಾಗ 26ರ ಹತ್ತಿರ. ಒಂದೊಂದೇ ಪ್ಯಾನೆಲ್ ಪ್ಯಾರಲಲ್ ಇಟ್ಟರೆ 24 ವೋಲ್ಟ್ ಬ್ಯಾಂಕಿಗೆ ಅದು ಕೆಲಸಕ್ಕೇ ಬರುವುದಿಲ್ಲ.

ಸೀರೀಸ್‌ನಲ್ಲಿ 76, ಕಾದರೂ 62. ಈ ತೊಂದರೆ ಇಲ್ಲ.

ಆದ್ದರಿಂದ 150 ವೋಲ್ಟ್, 35 ಅಥವಾ 40 ಆಂಪಿಯರ್, 12/24 ಎರಡಕ್ಕೂ ಆಗುವ, ಕರೆಂಟ್ ಮಿತಿ ಸೆಟ್ಟಿಂಗ್ ಇರುವ ಎಂಪಿಪಿಟಿ. ಇವತ್ತು 12 ವೋಲ್ಟಿನಲ್ಲಿ 22ಕ್ಕೆ ಮಿತಿ. ಜೋಡಿ ಬ್ಯಾಟರಿ ಬಂದ ದಿನ 24ಕ್ಕೆ ಬದಲಿಸಿ. ಆಗ 28 ಆಂಪಿಯರ್ ಗರಿಷ್ಠ, ನಿಜದಲ್ಲಿ 21. 150 ಎಎಚ್‌ಗೆ ಅದು ಹದವಾದ ಕರೆಂಟ್. 12 ವೋಲ್ಟಿನಲ್ಲಿ 670 ವ್ಯಾಟ್ ಪ್ಯಾನೆಲ್ ಜೋಡಿಸಲು ಅನುಮತಿ ಇದೆಯೇ ಎಂದು ಮಾತ್ರ ಆ ಮಾಡೆಲ್ಲಿನ ಮ್ಯಾನ್ಯುಯಲ್‌ನಲ್ಲಿ ನೋಡಿ. 40 ತೆಗೆದುಕೊಂಡರೆ ತಾರಿಹಾಳದವರ ಮಾತೂ ಉಳಿಯುತ್ತದೆ.

ಕೇಶ್ವಾಪುರ ನಿವಾಸಿ

ನಮ್ಮ ಮನೆಯಲ್ಲಿ ಸಾದಾ ಇನ್ವರ್ಟರ್ ಇದೆ, ಅದೇ ಬ್ಯಾಟರಿಗೆ ಒಂದು ಪ್ಯಾನೆಲ್ ಸೇರಿಸಿದರೆ?

ರಾಣೆಬೆನ್ನೂರು ಬ್ಯಾಟರಿ ಅಂಗಡಿ

ಸೇರಿಸಬಹುದು. ಆದ್ರೆ ಇನ್ವರ್ಟರ್ ತಾನೂ ಕರೆಂಟಿನಿಂದ 10-15 ಆಂಪಿಯರ್ ಚಾರ್ಜ್ ಮಾಡ್ತಿರುತ್ತೆ. ಸೋಲಾರಿನದೂ ಅದೇ ಹೊತ್ತಿಗೆ ಬಂದ್ರೆ ಎರಡೂ ಕೂಡುತ್ತವೆ. ಕೂಡಿದ ಅಂಕಿ ಬ್ಯಾಟರಿಯ 20 ಪ್ರತಿಶತ ದಾಟದ ಹಾಗೆ ಕಂಟ್ರೋಲರ್ ಮಿತಿ ಇಡಿ.

ಲಿಥಿಯಂ (ಎಲ್‌ಎಫ್‌ಪಿ) ಹಾಕೋರಿಗೂ ಒಂದು ಮಾತು. ಎಲ್‌ಎಫ್‌ಪಿ ಬ್ಯಾಟರಿ ಅದರ ಎಎಚ್‌ನ ಅರ್ಧದಷ್ಟು ಕರೆಂಟ್ ಸಾಮಾನ್ಯವಾಗಿ ತಗೊಳ್ಳುತ್ತೆ, 100 ಎಎಚ್‌ಗೆ 50 ಆಂಪಿಯರ್. ಅಲ್ಲಿ 12 ವೋಲ್ಟಿಗೂ ದೊಡ್ಡ ಕಂಟ್ರೋಲರ್ ಅರ್ಥ ಇದೆ. ಆದ್ರೆ ಕಂಟ್ರೋಲರಿನಲ್ಲಿ ಲಿಥಿಯಂ ಸೆಟ್ಟಿಂಗ್ ಇರಬೇಕು, ಈಕ್ವಲೈಸ್ ಬಂದ್ ಇರಬೇಕು. ಟ್ಯೂಬ್ಯುಲರಿಗೆ ಅದರ ತದ್ವಿರುದ್ಧ: ಈಕ್ವಲೈಸ್ ಬೇಕು, ಜೊತೆಗೆ ಉಷ್ಣತೆಯ ಸೆನ್ಸರ್ ವೈರು ಬ್ಯಾಟರಿ ಮೈಗೆ ಅಂಟಿಸಬೇಕು. 12 ವೋಲ್ಟಿನ ಬ್ಯಾಟರಿ 40 ಡಿಗ್ರಿಗೆ ಕಾದಾಗ 14.4 ಅಲ್ಲ, 14ರ ಹತ್ತಿರ ನಿಲ್ಲಿಸಬೇಕು. ನಮ್ಮ ಕಡೆ ಬ್ಯಾಸಿಗೆಯಲ್ಲಿ ಬ್ಯಾಟರಿ ಉಳಿಸೋದು ಆ ಸಣ್ಣ ವೈರು. ಡಬ್ಬಿಯಲ್ಲೇ ಬಿಟ್ಟು ಬಿಸಾಕೋರೇ ಹೆಚ್ಚು.

ಕಲಘಟಗಿ ಕಾಡಂಚು

ಝಟ್ಕಾ ಮಷಿನ್ ವಿಷಯ ಬಂದಿದ್ದಕ್ಕ ಒಂದು ಹೇಳ್ತೀನಿ. ಅದನ್ನ ಬ್ಯಾಟರಿಯಿಂದ, ಫ್ಯೂಜ್ ಹಾಕಿ ನಡಸ್ರಿ. ಇನ್ವರ್ಟರಿನ 230 ವೋಲ್ಟ್ ಆಗ್ಲಿ, ಲೈನಿನ ಕರೆಂಟ್ ಆಗ್ಲಿ ಎಂದೂ ಬೇಲಿಗೆ ಸೀದಾ ಹಚ್ಚಬ್ಯಾಡ್ರಿ. ಹಂದಿ ಅಷ್ಟ ಅಲ್ಲ, ಮನುಷ್ಯಾರು ಸತ್ತಾರ. ಅದು ಅಪರಾಧ.

ಮೋಟೆಬೆನ್ನೂರ ಹೊಲ

ಇಲ್ರಿ, ನಮ್ಮದು ಬ್ಯಾಟರಿ ಮಷಿನ್ನ ಐತಿ. 150 ವೋಲ್ಟ್ 40 ಆಂಪಿಯರ್ ತಗೊಳೂದು ಗಟ್ಟಿ ಮಾಡೀನಿ, ಪ್ಯಾನೆಲ್ ಸೀರೀಸ್. ಜೋಡಸೋ ಕ್ರಮ ಒಂದು ಹೇಳಿಬಿಡ್ರಿ. ಕಂಟ್ರೋಲರಿಗೆ ಲೋಡ್ ಅಂತ ಬ್ಯಾರೆ ಟರ್ಮಿನಲ್ ಇರ್ತಾವಲ್ಲ, ಇನ್ವರ್ಟರ್ ಅಲ್ಲೇ ಹಚ್ಚೂದಾ?

ತಾರಿಹಾಳ ಟೆಕ್ನಿಷಿಯನ್

ಇನ್ವರ್ಟರ್ ಅಲ್ಲಿ ಹಚ್ಚಬ್ಯಾಡ್ರಿ. ಲೋಡ್ ಟರ್ಮಿನಲ್ ಸಣ್ಣ ಡಿಸಿ ದೀಪಕ್ಕ. ಇನ್ವರ್ಟರ್ ಚಾಲೂ ಆಗೂ ಕ್ಷಣ ಎಳಿಯೋ ಕರೆಂಟಿಗೆ ಆ ಭಾಗ ಸುಡ್ತೈತಿ. ಇನ್ವರ್ಟರ್ ಸೀದಾ ಬ್ಯಾಟರಿಗೆ, ನಡುವ ಫ್ಯೂಜ್.

ಮೊದ್ಲು ಬ್ಯಾಟರಿ ಜೋಡಸ್ರಿ. ಕಂಟ್ರೋಲರ್ ಎದ್ದು 12 ವೋಲ್ಟ್ ಅಂತ ಸರಿಯಾಗಿ ತೋರಸ್ತೈತಿ ಅಂತ ನೋಡ್ರಿ. ಟ್ಯೂಬ್ಯುಲರ್ ಅಂತ ಸೆಟ್ ಮಾಡ್ರಿ, ಕರೆಂಟ್ ಮಿತಿ ಹಾಕ್ರಿ. ಆಮ್ಯಾಲೆ ಪ್ಯಾನೆಲ್. ಬಿಚ್ಚುವಾಗ ಪ್ಯಾನೆಲ್ ಮೊದ್ಲು, ಬ್ಯಾಟರಿ ಕಡಿಗೆ. ಬಿಸಿಲಿದ್ದಾಗ ಬ್ಯಾಟರಿ ವೈರ್ ಮೊದ್ಲು ಕಿತ್ರ ಕೆಲವು ಕಂಟ್ರೋಲರ್ ಅಲ್ಲೇ ಹೋಗ್ತಾವ.

ಪ್ಯಾನೆಲ್ ಕಡೆ ಡಿಸಿ ಎಂಸಿಬಿ (ಕರೆಂಟ್ ಹೆಚ್ಚಾದ್ರ ತಾನ ಬೀಳೋ ಸ್ವಿಚ್) ಬೇಕು. ಮನಿಯಾಗಿನ ಸಾದಾ ಎಸಿ ಎಂಸಿಬಿ ನಡಿಯೂದಿಲ್ಲ. 76 ವೋಲ್ಟ್ ಡಿಸಿಯ ಕಿಡಿ ತಾನಾಗಿ ಆರೂದಿಲ್ಲ, ಎಂಸಿಬಿ ಒಳಗ ಉರೀತೈತಿ. ಕಂಟ್ರೋಲರಿಂದ ಬ್ಯಾಟರಿಗೆ 50 ಆಂಪಿಯರ್ ಫ್ಯೂಜ್, 10 ಸ್ಕ್ವೇರ್ ಎಂಎಂ ವೈರ್, ಒಂದೂವರೆ ಮೀಟರಿನೊಳಗ. ಕಂಟ್ರೋಲರ್ ಬ್ಯಾಟರಿ ಬಾಜೂಕ ಇರ್ಲಿ, ನೆತ್ತಿ ಮ್ಯಾಗ ಬ್ಯಾಡ, ಆಸಿಡ್ ಹೊಗಿ ತಾಗ್ತೈತಿ. ಪತ್ರಾಸಿಗೆ ಹತ್ತಿ ಇಡಬ್ಯಾಡ್ರಿ, ಇಟ್ಟಂಗಿ ಗ್ವಾಡಿಗೆ ಎದೆಮಟ್ಟಕ್ಕ ನೆಟ್ಟಗ ಹಚ್ರಿ, ಕೆಳಗ ಮ್ಯಾಗ ಗೇಣು ಜಾಗ ಬಿಡ್ರಿ.

ತರೂ ಮುಂದ ಇನ್ನೊಂದು. ಅಗ್ಗದ ಡಬ್ಬಿ ಮ್ಯಾಗ ಎಂಪಿಪಿಟಿ ಅಂತ ಬರದು ಒಳಗ ಪಿಡಬ್ಲ್ಯೂಎಂ ಇಟ್ಟು ಮಾರ್ತಾರ. ಖರೇ ಎಂಪಿಪಿಟಿ ಒಳಗ ತಾಮ್ರದ ಸುರುಳಿ ಇರ್ತೈತಿ, ಕೈಯಾಗ ಹಿಡಿದ್ರ ಭಾರ. ಪ್ಯಾನೆಲ್ ಮಿತಿ 50 ವೋಲ್ಟ್ ಅಂತಷ್ಟ ಇದ್ದು ಮುಷ್ಟಿಯಷ್ಟು ಹಗುರ ಇದ್ರ ಅನುಮಾನ ಪಡ್ರಿ.

ಸಪ್ತಾಪುರ ಮಾಸ್ತರ

ಪರೀಕ್ಷೆಯೂ ಸುಲಭ. ಬ್ಯಾಟರಿ ತುಂಬಿರದ ಹೊತ್ತಿನಲ್ಲಿ, ಒಳ್ಳೆಯ ಬಿಸಿಲಿನಲ್ಲಿ, ಕಂಟ್ರೋಲರಿನ ಪ್ಯಾನೆಲ್ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿಯಿರಿ. 25ಕ್ಕಿಂತ ಮೇಲೆ ತೋರಿಸಿದರೆ ಎಂಪಿಪಿಟಿ ಕೆಲಸ ಮಾಡುತ್ತಿದೆ. ಬ್ಯಾಟರಿಯ ಹತ್ತಿರದ 13-14 ತೋರಿಸಿದರೆ ಅದು ಪಿಡಬ್ಲ್ಯೂಎಂ, ಡಬ್ಬಿಯ ಮೇಲೆ ಏನೇ ಬರೆದಿರಲಿ. ಇದು 60 ಅಥವಾ 72 ಸೆಲ್ಲಿನ ಪ್ಯಾನೆಲ್ 12 ವೋಲ್ಟ್ ಬ್ಯಾಟರಿಗೆ ಜೋಡಿಸಿದಾಗಿನ ಮಾತು.

ಬೆಟಗೇರಿ ಕೈಮಗ್ಗ

ನಮ್ಮ ಬಾಜೂ ಮನಿಯವ್ರು 12 ವೋಲ್ಟಿಗೆ 335ರದ್ದ ಒಂದು ಹಾಕ್ಯಾರ, ಎಂಪಿಪಿಟಿ 30 ಆಂಪಿಯರ್ ಅಂತ ಬರದೈತಿ. ಈಗ ಹೋಗಿ ಮೀಟರ್ ಹಿಡಿದ್ವಿ. ಪ್ಯಾನೆಲ್ ಟರ್ಮಿನಲ್ಲಿಗೆ 13.4, ಬ್ಯಾಟರಿಗೆ 13.1.

ಸಪ್ತಾಪುರ ಮಾಸ್ತರ

ಅದು ಪಿಡಬ್ಲ್ಯೂಎಂ. 335ರಲ್ಲಿ 120 ವ್ಯಾಟ್ ಬರುತ್ತಿದೆ. ಬಿಲ್ ಇದ್ದರೆ ಅಂಗಡಿಗೆ ವಾಪಸ್ ಒಯ್ಯಲು ಹೇಳಿ. ಒಯ್ಯುವ ಮೊದಲು ಮೀಟರಿನ ಎರಡೂ ಅಂಕಿ ಕಾಣುವಂತೆ ಫೋಟೋ ತೆಗೆದಿಡಲಿ. ಬಿಚ್ಚುವಾಗ ಪ್ಯಾನೆಲ್ ಮೊದಲು.